ರೈಲುದಾರಿಯ ಬದಿಯ ಅಭಯಾರಣ್ಯಗಳು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಗಾದೆ. ಕೋಶ ಓದುವುದಕ್ಕೆ ಕಾಲೇಜಿನ ಗ್ರಂಥಭಂಡಾರವುಂಟು. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ವಾಹನ ಬೇಕು ಎಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಅದರಲ್ಲಿಯೂ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂದರೆ ಅದು ಸ್ವಂತ ಕಾರುಳ್ಳವರ ವಿಷಯ, ಬಸ್ಸು ರೈಲುಗಳಲ್ಲಿ ಓಡಾಡುವವರಿಗೆ ಅದರ ಗೊಡವೆ ಏಕೆ ಎಂಬ ಮಾತು ನಮ್ಮ ವಿದ್ಯಾರ್ಥಿನಿಲಯದಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡಿ, ಕಾರಿಲ್ಲದ ವಿದ್ಯಾರ್ಥಿಯು ರೈಲಿನಲ್ಲಿ ಹೋಗಿ ನೋಡಬಹುದಾದ ಕೆಲವು ಸ್ಥಳಗಳನ್ನು ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಮೂರು ಬಗೆಯ ರಕ್ಷಿತ ನೆಲ

ಸ್ಥಳಗಳಿಗೆ ಹೋಗುವ ಮುನ್ನ ಹೆಸರುಗಳ ಅರ್ಥವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಕಾಡುಪ್ರಾಣಿಗಳ ರಕ್ಷಣೆಗೆ ಆಧಾರವಾಗಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರಲ್ಲಿ ಹೇಳಿರುವ ರಕ್ಷಿತ ಪ್ರದೇಶಗಳಲ್ಲಿ ಮೂರನ್ನು ಇಲ್ಲಿ ನೆನೆಯೋಣ. ಮೊದಲನೆಯದು ರಾಷ್ಟ್ರೀಯ ಉದ್ಯಾನ. ಇಲ್ಲಿ ಖಾಸಗಿ ಹಕ್ಕುಗಳಿಗೆ ಎಡೆಯಿಲ್ಲ, ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ಎರಡನೆಯದು ಅಭಯಾರಣ್ಯ ಅಥವಾ ವನ್ಯಜೀವಿಧಾಮ. ಇಲ್ಲಿಯೂ ಬೇಟೆ ನಿಷಿದ್ಧ. ಆದರೆ ಸುತ್ತಲಿನ ಜನರ ಕೆಲವು ಹಕ್ಕುಗಳನ್ನು ಕಟ್ಟುಪಾಡಿಗೆ ಒಳಪಡಿಸಿ ಉಳಿಸಬಹುದು. ಮೂರನೆಯದು ಸಮುದಾಯ ಮೀಸಲು. ಇದು 2002ರ ತಿದ್ದುಪಡಿಯಿಂದ ಸೇರಿದ್ದು. ಜನರದೇ ಆದ ನೆಲದಲ್ಲಿ, ಜನರೇ ಒಪ್ಪಿ, ಪ್ರಾಣಿಪಕ್ಷಿಗಳನ್ನು ಕಾಪಾಡಿಕೊಳ್ಳುವ ಏರ್ಪಾಡು ಇದು.

ಸ್ವಾರಸ್ಯವೇನೆಂದರೆ, ಈ ಮೂರು ಬಗೆಗಳನ್ನೂ ಅರಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಒಂದೇ ರೈಲುದಾರಿಯನ್ನು ಹಿಡಿದರೆ ಸಾಕು.

ಹಸಿದವರು ಹಾಕಿದ ಹಾದಿ

ಈ ದಾರಿಯ ಉದ್ದ ಸುಮಾರು 138 ಕಿಲೋಮೀಟರು. 1876-78ರ ಘೋರ ಕ್ಷಾಮದ ಕಾಲದಲ್ಲಿ ಹಸಿದ ಜನರಿಗೆ ಕೂಲಿ ಒದಗಿಸುವ ಪರಿಹಾರ ಕಾಮಗಾರಿಯಾಗಿ ಇದರ ಕೆಲಸ ನಡೆದು, 1880ರ ದಶಕದ ಆರಂಭದಲ್ಲಿ ಗಾಡಿಗಳು ಮೈಸೂರನ್ನು ಮುಟ್ಟಿದವು. ಅಂದು ಒಂದು ಹೊತ್ತಿನ ಗಂಜಿಗಾಗಿ ಮಣ್ಣು ಹೊತ್ತವರು ನಮ್ಮ ನಿಮ್ಮ ಮುತ್ತಾತಂದಿರೇ ಇರಬಹುದು. ಹೀಗೆ ನೋಡಿದರೆ ಬಡವನಿಗೆ ಈ ದಾರಿಯ ಮೇಲೆ ಒಂದು ಬಗೆಯ ಹಳೆಯ ಹಕ್ಕೇ ಉಂಟೆನ್ನಬೇಕು. ಇಂದು ಇದು ಜೋಡಿ ಹಳಿಯ, ವಿದ್ಯುತ್ತಿನ ಮಾರ್ಗ. ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ಸಾಮಾನ್ಯ ಗಾಡಿಗಳೇ ನಮಗೆ ಹೆಚ್ಚು ಉಪಯುಕ್ತ. ವೇಗದ ಗಾಡಿಗಳು ಸಣ್ಣ ನಿಲ್ದಾಣಗಳನ್ನು ಕಣ್ಣೆತ್ತಿಯೂ ನೋಡದೆ ಹೋಗಿಬಿಡುತ್ತವೆ.

ರಾಮನಗರ: ರಣಹದ್ದಿನ ಬೆಟ್ಟ

ಬೆಂಗಳೂರಿನಿಂದ ಐವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ರಾಮನಗರ ಸಿಕ್ಕುತ್ತದೆ. ಗಾಡಿ ಊರನ್ನು ಸಮೀಪಿಸುತ್ತಿದ್ದಂತೆಯೇ ದೊಡ್ಡ ದೊಡ್ಡ ಬೋಳು ಬಂಡೆಗಳು ಕಣ್ಣಿಗೆ ಬೀಳುತ್ತವೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ತೆಗೆದದ್ದು ಈ ಬಂಡೆಗಳ ನಡುವೆ ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿಯ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತೆಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. ನಿಲ್ದಾಣದಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬೆಟ್ಟದ ಬುಡವನ್ನು ಸೇರಬಹುದು. ಅಲ್ಲಿಂದ ಮುಂದೆ ಮೆಟ್ಟಿಲು.

ಉದ್ದ ಕೊಕ್ಕಿನ ರಣಹದ್ದು ಬಂಡೆಯ ಸಂದಿಯಲ್ಲಿ ಗೂಡು ಮಾಡುತ್ತದೆ. ವರುಷಕ್ಕೆ ಇಡುವುದು ಒಂದೇ ಮೊಟ್ಟೆ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಸುತ್ತ ಸತ್ತ ದನದ ಮೇಲೆ ಗುಂಪುಗುಂಪಾಗಿ ಎರಗುತ್ತಿದ್ದ ಹದ್ದುಗಳು 1990ರ ದಶಕದಿಂದ ಈಚೆಗೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಅಳಿದುಹೋದವು. ಕಾರಣ ಬಹುಕಾಲ ತಿಳಿಯಲಿಲ್ಲ. ದನಗಳಿಗೆ ನೋವು ಕಳೆಯಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2006ರಲ್ಲಿ ಭಾರತ ಸರ್ಕಾರವು ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ರಾಮನಗರದ ಬೆಟ್ಟದಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಹಕ್ಕಿಗಳು. ಆದಕಾರಣ ಇಲ್ಲಿಗೆ ಹೋದವರಿಗೆ ಹದ್ದು ಕಾಣದಿರಬಹುದು. ಆದರೂ ದನ ಕಟ್ಟಿದ ಮನೆಯಿಂದ ಬಂದ ವಿದ್ಯಾರ್ಥಿಯು ಕಲಿಯಬೇಕಾದ ಪಾಠ ಇಲ್ಲಿದೆ. ಕೊಟ್ಟಿಗೆಯಲ್ಲಿ ಒಳ್ಳೆಯ ಉದ್ದೇಶದಿಂದ ಕೊಟ್ಟ ಒಂದು ಸೂಜಿಮದ್ದು ಆಕಾಶವನ್ನೇ ಬರಿದುಮಾಡಬಲ್ಲುದು.

ಮದ್ದೂರು: ಊರವರೇ ಕಾಯುವ ಹಕ್ಕಿಗಳು

ಮದ್ದೂರು ಎಂದೊಡನೆ ವಡೆಯ ನೆನಪಾಗುತ್ತದೆ. ವಡೆ ತಿಂದು ಗಾಡಿಯಲ್ಲೇ ಮುಂದುವರಿಯದೆ, ಇಳಿದು ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೊಕ್ಕರೆ ಬೆಳ್ಳೂರಿಗೆ ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಇದು ಕಾಡಲ್ಲ, ಬೇಲಿ ಹಾಕಿದ ಉದ್ಯಾನವೂ ಅಲ್ಲ. ಶಿಂಷಾ ನದಿಗೆ ಸಮೀಪದಲ್ಲಿರುವ ಒಂದು ಹಳ್ಳಿ. ಸುಮಾರು ಡಿಸೆಂಬರಿನಿಂದ ಬೇಸಗೆಯ ಕೊನೆಯವರೆಗೆ ಇಲ್ಲಿಯ ಹುಣಿಸೆ, ಅರಳಿ ಮುಂತಾದ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿಮಾಡುತ್ತವೆ. ಕೆಳಗೆ ಹೆಂಗಸರು ಕಣ ಗುಡಿಸುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಮೇಲೆ ಆಳುದ್ದದ ರೆಕ್ಕೆಯ ಹಕ್ಕಿಗಳು ಮರಿಗೆ ಮೀನು ತಿನ್ನಿಸುತ್ತಿರುತ್ತವೆ. ಒಂದಕ್ಕೆ ಇನ್ನೊಂದರ ಅಂಜಿಕೆಯಿಲ್ಲ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರಿನ ವಿಷಯವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆದರೆ ಹಕ್ಕಿಗಳೂ ಊರವರೂ ಅದಕ್ಕೆ ಬಹುಹಿಂದಿನಿಂದ ಕೂಡಿ ಬಾಳಿದವರು. ಹಕ್ಕಿಗಳು ಬಂದರೆ ಊರಿಗೆ ಒಳಿತು ಎಂಬ ನಂಬಿಕೆ ಇಲ್ಲಿಯವರದು. ಮರದಡಿ ಬೀಳುವ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಿದ್ದರು. ಹಾಗೆಂದು ಇದರಲ್ಲಿ ನಷ್ಟವೇ ಇಲ್ಲವೆಂದಲ್ಲ. ಗೂಡಿರುವ ಹುಣಿಸೆಮರವನ್ನು ಬಡಿಯುವಂತಿಲ್ಲ, ಕಡಿಯುವಂತಿಲ್ಲ. ಹುಣಿಸೆಹಣ್ಣಿನ ದುಡ್ಡಿನಲ್ಲಿ ಸಂಸಾರದ ಒಂದು ಖರ್ಚು ಕಳೆಯುವವರಿಗೆ ಇದು ಸಣ್ಣ ತ್ಯಾಗವಲ್ಲ. ಅಂಥ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿ ಬಂದದ್ದು ಈ ಕಾರಣದಿಂದಲೇ. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಕಾಯಿದೆಯ ಪುಸ್ತಕದಲ್ಲಿ ಒಂದು ಸಾಲಾಗಿರುವ ಮಾತು ಇಲ್ಲಿ ಮರವಾಗಿ, ಮನೆಯಾಗಿ, ಹಕ್ಕಿಯಾಗಿ ಕಾಣಿಸುತ್ತದೆ.

ಶ್ರೀರಂಗಪಟ್ಟಣ: ನದಿಯ ನಡುವಿನ ಗೂಡುಗಳು

ಶ್ರೀರಂಗಪಟ್ಟಣದಲ್ಲಿ ರೈಲುದಾರಿಯು ಹಳೆಯ ಕೋಟೆಯ ಒಳಗೇ ಹಾದುಹೋಗುತ್ತದೆ. ಜೋಡಿ ಹಳಿ ಹಾಸುವುದಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ. ನಿಲ್ದಾಣದಿಂದ ನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿ ರಂಗನತಿಟ್ಟು ಪಕ್ಷಿಧಾಮವಿದೆ. ಕಾಲು ಗಟ್ಟಿಯಿದ್ದವರಿಗೆ ಇದು ನಡಿಗೆಯ ದೂರ. ಇಲ್ಲದವರಿಗೆ ಆಟೋ ಉಂಟು.

ಕಾವೇರಿಗೆ ಅಡ್ಡಲಾಗಿ ಹಿಂದಿನ ಅರಸರು ಕಟ್ಟಿಸಿದ ಕಟ್ಟೆಯಿಂದ ನೀರು ಹರಡಿ, ನದಿಯ ನಡುವೆ ಉಂಟಾದ ಸಣ್ಣ ಸಣ್ಣ ತಿಟ್ಟುಗಳೇ ಈ ಪಕ್ಷಿಧಾಮ. ಪಕ್ಷಿವಿಜ್ಞಾನಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ಬಂದಾಗ ಇಲ್ಲಿಯ ಗೂಡುಗಳನ್ನು ಕಂಡು, ಇದನ್ನು ಕಾಪಾಡಬೇಕೆಂದು ಅರಸರಿಗೆ ಸಲಹೆಯಿತ್ತರು. 1940ರಲ್ಲಿ ಇದು ರಕ್ಷಿತ ಸ್ಥಳವಾಯಿತು. ಒಂದು ಚದರ ಕಿಲೋಮೀಟರೂ ಇಲ್ಲದ ಈ ಜಾಗದಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ನೀರುಕಾಗೆಗಳು ಮರಿಮಾಡುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತವೆ. 2022ರಲ್ಲಿ ಇದು ಜಗತ್ತಿನ ಮಹತ್ತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ಹತ್ತಿರದಿಂದ ನೋಡಬಹುದು. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಆದ್ದರಿಂದ ಜನವರಿಯಿಂದ ಮೇವರೆಗಿನ ತಿಂಗಳುಗಳೇ ಪ್ರಶಸ್ತ.

ಮೈಸೂರಿನಿಂದಾಚೆ

ಬಂಡೀಪುರಕ್ಕೆ ರೈಲಿಲ್ಲ. ರೈಲು ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರದವರೆಗೆ ಹೋಗಿ ನಿಲ್ಲುತ್ತದೆ. ಬಂಡೀಪುರಕ್ಕೆ ಹೋಗುವವರು ಮೈಸೂರಿನಲ್ಲಿ ಇಳಿದು, ಗುಂಡ್ಲುಪೇಟೆಯ ಮೇಲೆ ಊಟಿಗೆ ಹೋಗುವ ಬಸ್ಸನ್ನು ಹಿಡಿಯಬೇಕು. ಸುಮಾರು 80 ಕಿಲೋಮೀಟರಿನ ದಾರಿ. 1973ರಲ್ಲಿ ಹುಲಿ ಯೋಜನೆಯು ಪ್ರಾರಂಭವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಇದರ ನಡುವೆ ಹಾಯುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಪ್ರಯಾಣಿಕರು ಇದನ್ನು ನೆನಪಿನಲ್ಲಿಟ್ಟು ಹೊರಡಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾಗುವುದಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಯಿಂದ ರೈತರು ಸತ್ತ ಮೇಲೆ, 2025ರ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿತು. ನೋಡಲು ಹೋಗುವವನಿಗೆ ಹುಲಿಯು ಒಂದು ದರ್ಶನ. ಅಲ್ಲಿ ಹೊಲ ಕಾಯುವವನಿಗೆ ಅದು ಪ್ರಾಣದ ಪ್ರಶ್ನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಮ್ಮ ಹಿರಿಯರಿಗೆ ಕಾಡೆಂದರೆ ಸೌದೆ, ಸೊಪ್ಪು, ದನದ ಮೇವು, ರಾತ್ರಿಯ ಭಯ. ಅದನ್ನು ದುಡ್ಡು ಕೊಟ್ಟು ನೋಡಲು ಹೋಗುತ್ತಾರೆಂದರೆ ಅವರಿಗೆ ನಗು ಬರುತ್ತದೆ. ಅವರ ನಗುವಿನಲ್ಲಿಯೂ ಅರ್ಥವಿದೆ; ಪುಸ್ತಕ ಓದಿದವರು ಕಾಡು ಉಳಿಯಬೇಕೆನ್ನುವುದರಲ್ಲಿಯೂ ಅರ್ಥವಿದೆ. ಈ ಎರಡು ಮಾತುಗಳನ್ನೂ ಒಂದೇ ಮನೆಯಲ್ಲಿ ಕೇಳಿ ಬೆಳೆದ ನಮ್ಮಂಥ ವಿದ್ಯಾರ್ಥಿಗಳು ಕಾಡನ್ನು ಕಣ್ಣಾರೆ ಕಾಣುವುದು ಅಗತ್ಯ. ಏಕೆಂದರೆ ಮುಂದೆ ಈ ಇಬ್ಬರ ನಡುವೆ ನಿಂತು ಮಾತನಾಡಬೇಕಾದವರು ನಾವೇ.

ಬೇರೆಡೆಗಳಲ್ಲಿ

ಉತ್ತರದ ಕಡೆಯ ವಿದ್ಯಾರ್ಥಿಗಳಿಗೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ರಾಣೆಬೆನ್ನೂರು ಉಂಟು. ಅದರ ಸಮೀಪದ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಸ್ಥಾಪಿತವಾದದ್ದು. ವಿಸ್ತೀರ್ಣ 119 ಚದರ ಕಿಲೋಮೀಟರು. ದಟ್ಟ ಕಾಡನ್ನು ನಿರೀಕ್ಷಿಸಿ ಹೋದವರಿಗೆ ನೀಲಗಿರಿಯ ತೋಪುಗಳನ್ನೂ ಬಯಲನ್ನೂ ಕಂಡು ನಿರಾಸೆಯಾದೀತು. ಆದರೆ ಕೃಷ್ಣಮೃಗಕ್ಕೆ ಬೇಕಾದದ್ದು ಬಯಲೇ. ಮರವಿದ್ದರೆ ಮಾತ್ರ ಕಾಡು ಎಂಬ ನಮ್ಮ ತಪ್ಪು ತಿಳಿವಳಿಕೆಯು ಇಲ್ಲಿ ತಿದ್ದುಪಡಿಯಾಗುತ್ತದೆ.

ದೇಶದ ಇತರ ಭಾಗಗಳಲ್ಲಿ ಎರಡು ಉದಾಹರಣೆಗಳನ್ನು ನೋಡೋಣ. ರಾಜಸ್ಥಾನದ ಭರತಪುರವು ದೆಹಲಿ–ಮುಂಬಯಿ ಮುಖ್ಯ ಮಾರ್ಗದ ಮೇಲಿನ ನಿಲ್ದಾಣ. ಅಲ್ಲಿಂದ ಕೆಲವೇ ಕಿಲೋಮೀಟರಿನ ದೂರದಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 29 ಚದರ ಕಿಲೋಮೀಟರಿನ ಜೌಗುಪ್ರದೇಶ. ಇದು ಹಿಂದೆ ಅರಸರ ಬಾತುಬೇಟೆಯ ತಾಣವಾಗಿತ್ತು. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದು ಕೆಡವಿದರು. 1985ರಲ್ಲಿ ಅದೇ ಸ್ಥಳವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದು ಅಲ್ಲಿ ಸೈಕಲನ್ನು ಬಾಡಿಗೆಗೆ ಪಡೆದೋ, ರಿಕ್ಷಾದಲ್ಲಿ ಕುಳಿತೋ, ನಡೆದೋ ಹಕ್ಕಿಗಳನ್ನು ನೋಡುವ ಪದ್ಧತಿಯಿದೆ. ರಿಕ್ಷಾ ತುಳಿಯುವವರಿಗೆ ಹಕ್ಕಿಗಳ ಹೆಸರು, ಸ್ವಭಾವಗಳನ್ನು ಕಲಿಸಿ ಅವರನ್ನೇ ಮಾರ್ಗದರ್ಶಿಗಳನ್ನಾಗಿ ಮಾಡಿದ್ದಾರೆ. ಕಾರಿಲ್ಲದವನು ಇಲ್ಲಿ ಎರಡನೆಯ ದರ್ಜೆಯ ಅತಿಥಿಯಲ್ಲ. ನೋಡುವವನೂ ತೋರಿಸುವವನೂ ಇಬ್ಬರೂ ಬಡವರಾಗಿದ್ದರೂ ಕೆಲಸ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯದು ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಬೊರಿವಲಿಯಲ್ಲಿ ಲೋಕಲ್ ಗಾಡಿಯಿಂದ ಇಳಿದು ನಡೆದೇ ಹೋಗಬಹುದು. ಸುಮಾರು 104 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಚಿರತೆಗಳಿವೆ. ಕಾನ್ಹೇರಿಯ ಬೌದ್ಧ ಗುಹೆಗಳಿವೆ. ನಗರಕ್ಕೆ ನೀರು ಕೊಡುವ ವಿಹಾರ್ ಮತ್ತು ತುಳಸಿ ಕೆರೆಗಳಿವೆ. ಮುಂಬಯಿಯಲ್ಲಿ ಹೊಟ್ಟೆಪಾಡಿಗಾಗಿ ನೆಲೆಸಿರುವ ನಮ್ಮ ಕನ್ನಡಿಗರೂ ಭಾನುವಾರ ಸಂಸಾರ ಸಮೇತ ಹೋಗಿಬರುವುದಕ್ಕೆ ಅಡ್ಡಿಯಿಲ್ಲದ ಕಾಡು ಇದು.

ಹಳಿಯಿಂದ ಆಗುವ ಹಾನಿ

ರೈಲನ್ನು ಹೊಗಳುವಾಗ ಅದರ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾಡನ್ನು ಸೀಳಿಕೊಂಡು ಹೋಗುವ ಹಳಿಗಳ ಮೇಲೆ ಆನೆಗಳು ಸಾಯುತ್ತಿವೆ. ಉತ್ತರ ಬಂಗಾಳದಲ್ಲಿ, ಅಸ್ಸಾಮಿನಲ್ಲಿ, ಕೊಯಮತ್ತೂರು–ಪಾಲಕ್ಕಾಡು ನಡುವಿನ ಮಾರ್ಗದಲ್ಲಿ ಇಂಥ ಅಪಘಾತಗಳು ನಡೆದಿವೆ. ಗುಜರಾತಿನಲ್ಲಿ ಪಿಪಾವಾವ್ ಬಂದರಿನ ಮಾರ್ಗದಲ್ಲಿ ಸಿಂಹಗಳು ಸತ್ತಿವೆ. ಕೊಯಮತ್ತೂರಿನ ಬಳಿಯ ಮದುಕ್ಕರೈಯಲ್ಲಿ 2024ರಲ್ಲಿ, ಆನೆಗಳು ಹಳಿಯ ಸಮೀಪಕ್ಕೆ ಬಂದರೆ ಕ್ಯಾಮೆರಾಗಳ ಮೂಲಕ ತಿಳಿದು ಗಾಡಿ ನಡೆಸುವವರಿಗೆ ಎಚ್ಚರಿಕೆ ಕೊಡುವ ಏರ್ಪಾಡನ್ನು ಮಾಡಲಾಯಿತು. ಪಶ್ಚಿಮಘಟ್ಟದ ಕಾಡಿನ ಮೂಲಕ ಹಾಯಬೇಕಾಗಿರುವ ಹುಬ್ಬಳ್ಳಿ–ಅಂಕೋಲಾ ಮಾರ್ಗವು ದಶಕಗಳಿಂದ ವಾದವಿವಾದಕ್ಕೆ ಗುರಿಯಾಗಿರುವುದೂ ಇದೇ ಕಾರಣದಿಂದ. ಕರಾವಳಿಯವರಿಗೂ ಬಯಲುಸೀಮೆಯವರಿಗೂ ಆ ದಾರಿಯ ಅಗತ್ಯವಿದೆ ಎಂಬುದೂ ಸುಳ್ಳಲ್ಲ.

ಆದಕಾರಣ ನಾವು ಕೇಳಬೇಕಾದದ್ದು ಕಾಡಿನ ಒಳಕ್ಕೆ ರೈಲನ್ನಲ್ಲ. ಕಾಡಿನ ಅಂಚಿನ ಊರಿಗೆ ರೈಲನ್ನು, ಅಲ್ಲಿಂದ ಮುಂದಕ್ಕೆ ಒಂದು ಬಸ್ಸನ್ನು. ರಾಮನಗರ, ಮದ್ದೂರು, ಶ್ರೀರಂಗಪಟ್ಟಣಗಳಲ್ಲಿ ಹಳಿ ಇರುವುದು ಊರಿನಲ್ಲಿ. ಹಕ್ಕಿಗಳಿರುವುದು ಕೆಲವು ಕಿಲೋಮೀಟರಿನ ಆಚೆ. ಈ ಅಂತರವೇ ಹಕ್ಕಿಗಳಿಗೆ ರಕ್ಷೆ. ನಮಗೆ ತೊಂದರೆಯಾಗುವುದೂ ಇದೇ ಕೊನೆಯ ಕೆಲವು ಕಿಲೋಮೀಟರುಗಳಲ್ಲಿಯೇ. ಗಾಡಿ ಬರುವ ಹೊತ್ತಿಗೆ ಬಸ್ಸಿರುವುದಿಲ್ಲ. ಬಸ್ಸು ಬರುವ ಹೊತ್ತಿಗೆ ಹಕ್ಕಿಗಳು ಬಿಸಿಲಿಗೆ ಮುದುಡಿರುತ್ತವೆ. ಬೆಳಗಿನ ಮೊದಲ ಗಾಡಿಗೆ ಹೊಂದಿಕೆಯಾಗುವಂತೆ ಒಂದು ಬಸ್ಸು, ನಿಲ್ದಾಣದ ಮುಂದೆ ಬಾಡಿಗೆಗೆ ಹತ್ತು ಸೈಕಲ್ಲು, ಇಷ್ಟಿದ್ದರೆ ಭರತಪುರದ ಅನುಕೂಲವು ನಮ್ಮ ಮದ್ದೂರಿಗೂ ಬಂದೀತು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಹೊರಡುವವರಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಹೊರಡುವ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು: ಯಾವ ನಿಲ್ದಾಣದಲ್ಲಿ ಇಳಿಯಬೇಕು? ಅಲ್ಲಿಂದ ಮುಂದೆ ಹೇಗೆ? ಹಿಂದಿರುಗುವ ಕೊನೆಯ ಬಸ್ಸು ಮತ್ತು ಗಾಡಿ ಎಷ್ಟು ಹೊತ್ತಿಗೆ? ಮೂರನೆಯದನ್ನು ಮರೆತವರೇ ಹೆಚ್ಚು ಕಷ್ಟಪಡುವವರು. ಪ್ರವೇಶ ತೆರೆದಿದೆಯೇ ಎಂಬುದನ್ನೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಎರಡನೆಯದಾಗಿ, ವಿದ್ಯಾರ್ಥಿಗಳು ವಿದ್ಯಾಭ್ಯಾಸ ಪ್ರವಾಸ ಹೊರಟರೆ ರೈಲಿನ ಎರಡನೆಯ ದರ್ಜೆಯಲ್ಲಿ ಅರ್ಧ ದರದ ರಿಯಾಯಿತಿ ಉಂಟು. ಪ್ರಾಂಶುಪಾಲರ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆಯಬೇಕು. 2023ರ ಜೂನ್ ತಿಂಗಳಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಸೋದರಿಯರು ಗುಂಪಾಗಿ ಹೊರಡುವುದಕ್ಕೆ ಇದು ಸದವಕಾಶ.

ಮೂರನೆಯದಾಗಿ, ಹಳಿಯ ಮೇಲೆ ನಡೆಯಬಾರದು. ಕ್ಯಾಸಲ್ ರಾಕ್–ದೂಧಸಾಗರ, ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟಗಳಲ್ಲಿ ಹೀಗೆ ನಡೆಯುವ ಹುಚ್ಚು ಯುವಕರಲ್ಲಿದೆ. 1989ರ ರೈಲ್ವೆ ಕಾಯಿದೆಯಂತೆ ಅದು ಅಪರಾಧ. ಸುರಂಗಗಳಲ್ಲಿ ಪ್ರಾಣಕ್ಕೂ ಅಪಾಯ.

ಕೊನೆಯದಾಗಿ, ಬುತ್ತಿ, ನೀರು, ಮಾಸಲು ಬಣ್ಣದ ಬಟ್ಟೆ, ಒಂದು ನೋಟುಪುಸ್ತಕ ಇವಿಷ್ಟು ಸಾಕು. ಗದ್ದಲ ಮಾಡಬಾರದು, ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತರಬೇಕು, ಗೂಡಿನ ಕೆಳಗೆ ಕಲ್ಲೆಸೆದು ಹಕ್ಕಿಯನ್ನು ಹಾರಿಸಿ ಚಿತ್ರ ತೆಗೆಯುವುದು ಓದಿದವರ ಲಕ್ಷಣವಲ್ಲ.

ಮುಕ್ತಾಯ

ಅಭಯಾರಣ್ಯಗಳು ರಾಷ್ಟ್ರದ ಸ್ವತ್ತು. ಅವುಗಳ ರಕ್ಷಣೆಗೆ ವೆಚ್ಚವಾಗುವ ಹಣದಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಬಡವನ ಪಾಲೂ ಉಂಟು. ಅದನ್ನು ನೋಡುವ ಭಾಗ್ಯ ಮಾತ್ರ ಕಾರುಳ್ಳವರಿಗೆ ಮೀಸಲಾದರೆ, ಉಳಿದವರು ಅದನ್ನು ತಮ್ಮದೆಂದು ಎಣಿಸುವುದು ಹೇಗೆ? ತಮ್ಮದಲ್ಲದ್ದಕ್ಕೆ ಕಷ್ಟ ಬಂದಾಗ ಯಾರೂ ದನಿಯೆತ್ತುವುದಿಲ್ಲ. ಕೊಕ್ಕರೆ ಬೆಳ್ಳೂರಿನವರು ಹುಣಿಸೆಹಣ್ಣನ್ನು ಬಿಟ್ಟುಕೊಟ್ಟದ್ದು ಹಕ್ಕಿಗಳನ್ನು ದಿನವೂ ಕಣ್ಣಾರೆ ಕಂಡು, ಅವು ತಮ್ಮವೆಂದು ತಿಳಿದುದರಿಂದ. ನಾಡಿನ ಕಾಡುಗಳಿಗೂ ಅಂಥ ನಂಟರು ಬೇಕು. ನಮ್ಮ ಕಾಲೇಜಿನಿಂದ ವರುಷಕ್ಕೊಮ್ಮೆಯಾದರೂ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಅರ್ಧ ದರದ ಟಿಕೇಟಿನಲ್ಲಿ ಇಂಥ ಒಂದು ಸ್ಥಳಕ್ಕೆ ಹೋಗಿಬರುವಂತೆ ಏರ್ಪಾಡಾಗಲಿ ಎಂದು ಅಧ್ಯಾಪಕರಲ್ಲಿಯೂ ವಿದ್ಯಾರ್ಥಿ ಸಂಘದಲ್ಲಿಯೂ ವಿನಂತಿಸಿಕೊಳ್ಳುತ್ತೇನೆ. ಮೊದಲನೆಯ ಪ್ರವಾಸ ಮದ್ದೂರಿಗಾದರೆ ವಡೆಯೂ ಸಿಕ್ಕೀತು.